ರೇಸ್ ಇದೆ, ಓಟವಿಲ್ಲ

— ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗಾಡುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಹೀಗಾದಾಗ ಹತ್ತು ಜನ ಹತ್ತು ಸಲಹೆ ಕೊಡುತ್ತಾರೆ: ಪ್ಲಗ್ ಬದಲಿಸಿ, ಇಂಜೆಕ್ಟರ್ ತೊಳೆಸಿ, ಏರ್ ಫಿಲ್ಟರ್ ಹೊಸದು ಹಾಕಿಸಿ. ಪಿಕಪ್ ಹೋಗಿದೆ ಅಂದಮೇಲೆ ಎಂಜಿನ್ನಿನಲ್ಲೇ ಏನೋ ಆಗಿದೆ ಎಂದುಕೊಳ್ಳುವುದರಲ್ಲಿ ತಪ್ಪೇನಿದೆ?

— ಪಿಕಪ್ ಹೋಗುವುದರಲ್ಲಿ ಎರಡು ಜಾತಿಯಿದೆ, ಸಲಹೆ ಕೊಡುವವರು ಅವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತಾರೆ. ಒಂದರಲ್ಲಿ ಪೆಡಲ್ ಒತ್ತಿದರೂ ಎಂಜಿನ್ನಿನ ಸುತ್ತೇ ಏರುವುದಿಲ್ಲ. ಆರ್‌ಪಿಎಂ ಮುಳ್ಳು ತೆವಳುತ್ತದೆ, ಸದ್ದು ಭಾರವಾಗುತ್ತದೆ. ಅಲ್ಲಿ ನೀವು ಹೇಳಿದ ಫಿಲ್ಟರು, ಇಂಜೆಕ್ಟರು, ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರು, ಡೀಸೆಲ್ ಗಾಡಿಯಾದರೆ ಬಿರುಕುಬಿಟ್ಟ ಟರ್ಬೊ ಪೈಪು ಎಲ್ಲವನ್ನೂ ಅನುಮಾನಿಸಬೇಕು. ಇನ್ನೊಂದರಲ್ಲಿ ಸುತ್ತು ಚುರುಕಾಗಿ, ಇರಬೇಕಾದ್ದಕ್ಕಿಂತ ಹೆಚ್ಚೇ ಚುರುಕಾಗಿ ಏರುತ್ತದೆ. ಏರದೆ ಉಳಿಯುವುದು ವೇಗ. ಎರಡನೆಯದರಲ್ಲಿ ಎಂಜಿನ್ ತನ್ನ ಕೆಲಸ ಮಾಡಿದ್ದಾಗಿದೆ. ಗಾಳಿ ಎಳೆದುಕೊಂಡಿದೆ, ಇಂಧನ ಸುಟ್ಟಿದೆ, ಕ್ರ್ಯಾಂಕನ್ನು ತಿರುಗಿಸಿದೆ. ಆ ತಿರುಗುವಿಕೆ ಚಕ್ರಕ್ಕೆ ತಲುಪಿಲ್ಲ, ಅಷ್ಟೆ. ಹೀಗಿರುವಾಗ ಇಂಜೆಕ್ಟರ್ ತೊಳೆಸುವುದೆಂದರೆ ಸರಿಯಿರುವ ಭಾಗಕ್ಕೆ ಹಣ ಸುರಿದು ಕೆಟ್ಟ ಭಾಗವನ್ನು ಹಾಗೇ ಬಿಟ್ಟಂತೆ. ಆದ್ದರಿಂದ ನನ್ನ ವಾದ ಇಷ್ಟೇ: ಸುತ್ತು ಏರಿ ವೇಗ ಏರದಿದ್ದರೆ, ಆ ಒಂದು ಲಕ್ಷಣವೇ ಅರ್ಧ ಗಾಡಿಯನ್ನು ಸಂಶಯದಿಂದ ಹೊರಗಿಡುತ್ತದೆ. ಉಳಿದ ಅರ್ಧವನ್ನೂ ಹಾಗೇ ಒಂದೊಂದು ಪರೀಕ್ಷೆಯಿಂದ ಕಿರಿದು ಮಾಡುತ್ತ ಹೋಗಬೇಕು. ಸ್ಪ್ಯಾನರಿನ ಸರದಿ ಕಟ್ಟಕಡೆಗೆ.

— ಮಾತು ಚೆನ್ನಾಗಿದೆ. ಆದರೆ ಸುತ್ತು “ಹೆಚ್ಚಾಗಿ” ಏರುತ್ತಿದೆ ಎಂದು ಹೇಳುವುದಕ್ಕೆ ಎಷ್ಟು ಏರಬೇಕಿತ್ತು ಎಂದು ಗೊತ್ತಿರಬೇಕಲ್ಲ. ಅದನ್ನು ಎಲ್ಲಿಂದ ತರುತ್ತೀರಿ?

— ಗೇರ್‌ಬಾಕ್ಸಿನಿಂದಲೇ. ಮ್ಯಾನುಯಲ್ ಗಾಡಿಯಲ್ಲಿ ಗೇರ್ ಬಿದ್ದು ಕ್ಲಚ್ ಪೂರ್ತಿ ಕಚ್ಚಿದ ಮೇಲೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಹಲ್ಲಿಗೆ ಹಲ್ಲು ಸೇರಿದ ಲೆಕ್ಕವೊಂದು ಇರುತ್ತದೆ. ಅದರಲ್ಲಿ ರಿಯಾಯಿತಿ ಇಲ್ಲ. ಒಂದು ಸಣ್ಣ ಕಾರಿಗೆ 165/80 ಆರ್14 ಟೈರ್ ಇದೆ ಎಂದಿಟ್ಟುಕೊಳ್ಳಿ. ಅದರ ಸುತ್ತಳತೆ ಸುಮಾರು 1.94 ಮೀಟರ್. ನಾಲ್ಕನೇ ಗೇರಿನಲ್ಲಿ ಎಂಜಿನ್ ನಾಲ್ಕು ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು ಹಾಕುತ್ತದೆ ಎನ್ನೋಣ. ಆಗ 2000 ಆರ್‌ಪಿಎಂನಲ್ಲಿ ಚಕ್ರ ನಿಮಿಷಕ್ಕೆ 500 ಸುತ್ತು, ಅಂದರೆ 970 ಮೀಟರ್, ಗಂಟೆಗೆ ಸುಮಾರು 58 ಕಿಲೋಮೀಟರ್. 3000 ಆರ್‌ಪಿಎಂ ತೋರಿಸಿದರೆ ಗಾಡಿ 87ರಲ್ಲಿ ಓಡುತ್ತಿರಲೇಬೇಕು. ಏರಿರಲಿ, ಇಳಿಜಾರಿರಲಿ, ಐದು ಜನ ಕೂತಿರಲಿ, ಒಬ್ಬರೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಭಾರ ಹೆಚ್ಚಾದರೆ ಎರಡು ಮುಳ್ಳೂ ಒಟ್ಟಿಗೇ ನಿಧಾನವಾಗುತ್ತವೆ. ಈಗ 58ರಲ್ಲಿ ಹೋಗುತ್ತಿರುವಾಗ ಪೆಡಲ್ ಪೂರ್ತಿ ಒತ್ತಿದಿರಿ, ಮುಳ್ಳು 3000ಕ್ಕೆ ಹಾರಿತು, ವೇಗ ಅಲ್ಲೇ ನಿಂತಿತು ಅನ್ನಿ. 1000 ಸುತ್ತು ಎಲ್ಲಿ ಹೋಯಿತು? ಗೇರಿನ ಹಲ್ಲು ಜಾರಲಾರದು, ಜಾರಿದರೆ ಮುರಿಯುತ್ತದೆ, ಮುರಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಸದ್ದಿಲ್ಲದೆ ಜಾರಬಲ್ಲ ಜಾಗ ಆ ದಾರಿಯಲ್ಲಿ ಒಂದೇ: ಉಜ್ಜಾಟದ ಹಿಡಿತದಲ್ಲಿ ನಿಂತಿರುವ ಕ್ಲಚ್ ಪ್ಲೇಟು.

— ಕಡಿಮೆ ಬೆಲೆಯ ಎಷ್ಟೋ ಹಳೆಯ ಮಾದರಿಗಳಲ್ಲಿ ಆರ್‌ಪಿಎಂ ಮೀಟರೇ ಇಲ್ಲ. ಅವರ ಗತಿ?

— ಕಿವಿ ಇದೆ. ಗೇರ್ ಬದಲಿಸದೆಯೇ ಎಂಜಿನ್ನಿನ ಶ್ರುತಿ ಏರಿ, ಕಿಟಕಿಯಾಚೆಯ ಮರಗಳು ಮೊದಲಿನ ವೇಗದಲ್ಲೇ ಹಿಂದೆ ಸರಿಯುತ್ತಿದ್ದರೆ ಮೀಟರ್ ಬೇಕಿಲ್ಲ. ಸಂಖ್ಯೆಯೇ ಬೇಕು ಎನ್ನುವವರಿಗೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಕಿಂಡಿಗೆ ಚುಚ್ಚುವ ಪುಟ್ಟ ಸಾಧನ ಸಿಗುತ್ತದೆ. ಸುತ್ತು, ವೇಗ ಎರಡನ್ನೂ ಮೊಬೈಲಿನಲ್ಲಿ ಒಟ್ಟಿಗೆ ತೋರಿಸುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಒಂದು ಕ್ಲಚ್ ಸೆಟ್ಟಿಗೆ ಕೊಡುವ ಹಣದ ಮುಂದೆ ಅದರ ಬೆಲೆ ಏನೂ ಅಲ್ಲ. ಪರೀಕ್ಷೆಯೂ ಸರಳ. ಖಾಲಿ, ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರು ಹಾಕಿ 45ರಿಂದ 50ರ ವೇಗದಲ್ಲಿ ಪೆಡಲನ್ನು ಒಮ್ಮೆಲೇ ಪೂರ್ತಿ ಒತ್ತಿ, ಎರಡು ಮುಳ್ಳುಗಳೂ ಜೊತೆಯಾಗಿ ಏರುತ್ತವೆಯೇ ಎಂದು ನೋಡಬೇಕು. ನೋಡುವ ಕೆಲಸ ಪಕ್ಕದಲ್ಲಿ ಕೂತವರದು, ಓಡಿಸುವವರದಲ್ಲ.

— ನಾಲ್ಕನೆಯದೇ ಯಾಕೆ? ಮೊದಲನೇ ಗೇರಿನಲ್ಲಲ್ಲವೆ ಎಳೆತ ಹೆಚ್ಚು? ಜಾರುವುದಿದ್ದರೆ ಅಲ್ಲೇ ಜಾರಬೇಕು.

— ಎಳೆತ ಹೆಚ್ಚುವುದು ಗೇರ್‌ಬಾಕ್ಸಿನ ಆಚೆಗೆ, ಚಕ್ರದ ಕಡೆಗೆ. ಕ್ಲಚ್ಚಿರುವುದು ಗೇರ್‌ಬಾಕ್ಸಿನ ಈಚೆಗೆ. ಯಾವ ಗೇರಾದರೂ ಅದರ ಮೇಲೆ ಬೀಳುವುದು ಎಂಜಿನ್ನಿನ ತಿರುಚು ಬಲ ಮಾತ್ರ. ಮೊದಲನೇ ಗೇರಿನಲ್ಲಿ ಗಾಡಿ ಸಲೀಸಾಗಿ ಓಡಿಬಿಡುವುದರಿಂದ ಸುತ್ತು ಹೇಗಿದ್ದರೂ ಬೇಗ ಏರುತ್ತದೆ. ಆ ಏರಿಕೆಯಲ್ಲಿ ಜಾರಿಕೆ ಮರೆಯಾಗಿಬಿಡುತ್ತದೆ. ಜೊತೆಗೆ ಬಲದ ಒಂದು ಪಾಲು ಎಂಜಿನ್ನಿನದೇ ಭಾರದ ಫ್ಲೈವೀಲನ್ನು ವೇಗಕ್ಕೆ ತರುವುದಕ್ಕೆ ಖರ್ಚಾಗುತ್ತದೆ. ನಾಲ್ಕು, ಐದನೇ ಗೇರಿನಲ್ಲಿ ಗಾಡಿ ನಿಧಾನಕ್ಕೆ ವೇಗ ಹಿಡಿಯುವುದರಿಂದ ಹೆಚ್ಚುಕಡಿಮೆ ಪೂರ್ತಿ ಬಲ ಪ್ಲೇಟಿನ ಮೇಲೆಯೇ, ಅದೂ ಬಹಳ ಹೊತ್ತು ನಿಲ್ಲುತ್ತದೆ. ಊರೊಳಗೆ ಏನೂ ಗೊತ್ತಾಗದ ಗಾಡಿ ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡಲು ಹೋದಾಗ, ಇಲ್ಲವೆ ಶಿರಾಡಿ ಘಾಟಿಯಲ್ಲಿ ಲಾರಿಯನ್ನು ಹಿಂದೆ ಹಾಕಲು ಹೊರಟಾಗ ಮೊದಲ ಸಲ ಕೈಕೊಡುವುದು ಇದಕ್ಕೇ. ಡೀಸೆಲ್ಲಿನಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ: 1.2 ಲೀಟರ್ ಪೆಟ್ರೋಲ್ ಎಂಜಿನ್ 110 ನ್ಯೂಟನ್ ಮೀಟರ್ ಆಸುಪಾಸಿನ ಬಲ ಕೊಟ್ಟರೆ, ನಮ್ಮಲ್ಲಿ ಲಕ್ಷಾಂತರ ಗಾಡಿಗಳಲ್ಲಿದ್ದ 1.3 ಲೀಟರ್ ಟರ್ಬೊ ಡೀಸೆಲ್ 2000 ಸುತ್ತಿನಲ್ಲೇ 190 ಕೊಡುತ್ತಿತ್ತು. ಬಳಲಿದ ಪ್ಲೇಟು ಮೊದಲನೆಯದನ್ನು ಹೇಗೋ ತಡೆದುಕೊಂಡೀತು, ಎರಡನೆಯದನ್ನು ತಡೆಯದು.

— ಸ್ವಲ್ಪ ಜಾರಿದರೆ ಅಂಥ ಅನಾಹುತವೇನು? ಮೆಲ್ಲಗೆ ಓಡಿಸಿಕೊಂಡು ಇನ್ನಾರು ತಿಂಗಳು ತಳ್ಳಬಹುದಲ್ಲ. ಬಹಳ ಜನ ಮಾಡುವುದೂ ಅದನ್ನೇ.

— ಲೆಕ್ಕ ಹಾಕಿ ನೋಡಿ. ಆಗಿನ ಉದಾಹರಣೆಯಲ್ಲಿ 1000 ಸುತ್ತಿನ ವ್ಯತ್ಯಾಸವಿತ್ತು. ಪ್ಲೇಟಿನ ಮೂಲಕ 100 ನ್ಯೂಟನ್ ಮೀಟರ್ ಹಾಯುತ್ತಿದ್ದರೆ, ಆ ವ್ಯತ್ಯಾಸ ಶಾಖವಾಗಿ ಹೊರಬೀಳುವ ದರ ಸುಮಾರು 10 ಕಿಲೋವ್ಯಾಟ್. ಮನೆಯ ಬಚ್ಚಲಿನ ಎರಡು ಕಿಲೋವ್ಯಾಟಿನ ಗೀಸರುಗಳು ಐದನ್ನು ಒಟ್ಟಿಗೆ ಹಾಕಿ, ಆ ಕಾವನ್ನೆಲ್ಲ 20 ಸೆಂಟಿಮೀಟರ್ ಅಗಲದ ಒಂದು ಬಿಲ್ಲೆಗೆ ತುಂಬಿದಂತೆ. ಗೀಸರಿನಲ್ಲಾದರೆ ನೀರಿದೆ, ಇಲ್ಲಿ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಮಾತ್ರ. ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗು, ಕಾದಂತೆ ಅದರ ಹಿಡಿತ ಮತ್ತೂ ಸಡಿಲವಾಗುತ್ತದೆ, ಸಡಿಲವಾದದ್ದು ಮತ್ತೂ ಜಾರುತ್ತದೆ, ಜಾರಿದ್ದು ಮತ್ತೂ ಕಾಯುತ್ತದೆ. ಒಮ್ಮೆ ಶುರುವಾದ ಜಾರಿಕೆ ತಾನಾಗಿ ನಿಲ್ಲುವುದಿಲ್ಲ. ಪ್ಲೇಟು ಹೇಗಿದ್ದರೂ ಬದಲಾಗಬೇಕಾದದ್ದು, ಹೋಗಲಿ ಎನ್ನಬಹುದು. ಆದರೆ ಅದೇ ಕಾವು ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ ಮೂಡಿಸಿ, ಕೂದಲೆಳೆಯ ಬಿರುಕು ಬಿಡಿಸಿ, ಉಳಿಯಬೇಕಾಗಿದ್ದ ಭಾಗವನ್ನೂ ಬಿಲ್ಲಿಗೆ ಸೇರಿಸುತ್ತದೆ. ಗ್ಯಾರೇಜ್ ತನಕ ಕಡಿಮೆ ಗೇರಿನಲ್ಲಿ, ಪೆಡಲನ್ನು ಮೆಲ್ಲಗೆ ಒತ್ತುತ್ತ ತಲುಪಿಸಬಹುದು. ಅದಕ್ಕಿಂತ ಹೆಚ್ಚು ತಳ್ಳುವುದು ಉಳಿತಾಯವಲ್ಲ. ಘಾಟಿಯ ನಡುವೆ ಸುಟ್ಟ ವಾಸನೆ ಬಂದರಂತೂ ಪಕ್ಕಕ್ಕೆ ಹಾಕಿ ಆರಲು ಬಿಡುವುದೇ ದಾರಿ. ಆಗುಂಬೆಯ 14 ತಿರುವುಗಳಲ್ಲಿ ಏಳನೆಯದರಲ್ಲಿ ಪ್ಲೇಟು ಪೂರ್ತಿ ಕೈಬಿಟ್ಟರೆ, ಹಿಂದೆ ಬರುವ ಬಸ್ಸಿಗೂ ಅದು ಕಷ್ಟ.

— ಹಾಗಾದರೆ ಜಾರುತ್ತಿದೆ ಅಂತ ಗೊತ್ತಾದ ಕೂಡಲೇ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕಿಬಿಟ್ಟರೆ ಆಯಿತಲ್ಲ. ಮೇಸ್ತ್ರಿಗಳು ಹೇಳುವುದೂ ಅದನ್ನೇ. ನಿಮ್ಮ ಪರೀಕ್ಷೆಗಳ ಮೆರವಣಿಗೆ ಯಾಕೆ?

— ಪ್ಲೇಟು ಜಾರುತ್ತಿದೆ ಎನ್ನುವುದು ಖಚಿತ. ಪ್ಲೇಟೇ ತಪ್ಪು ಮಾಡಿದೆ ಎನ್ನುವುದು ಇನ್ನೂ ಖಚಿತವಲ್ಲ. ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿದಿಡುವುದು ಪ್ರೆಶರ್ ಪ್ಲೇಟಿನ ಡಯಾಫ್ರಾಂ ಸ್ಪ್ರಿಂಗು. ಅದರ ಬೆರಳುಗಳನ್ನು ರಿಲೀಸ್ ಬೇರಿಂಗು ಒತ್ತಿದಾಗ ಹಿಡಿತ ಬಿಡುತ್ತದೆ. ಕಾಲೆತ್ತಿದಾಗ ಬೇರಿಂಗು ಹಿಂದೆ ಸರಿಯಬೇಕು. ಸರಿಯದೆ ಅಲ್ಲೇ ಒತ್ತಿಕೊಂಡು ನಿಂತರೆ ಹೊಚ್ಚಹೊಸ ಪ್ಲೇಟೂ ಜಾರುತ್ತದೆ. ಕೇಬಲ್ ಇರುವ ಗಾಡಿಯಲ್ಲಿ ಇದನ್ನು ನೋಡಲು ಏನೂ ಬಿಚ್ಚಬೇಕಿಲ್ಲ. ಕ್ಲಚ್ ಪೆಡಲನ್ನು ಕೈಬೆರಳಿನಿಂದ ಮೆಲ್ಲಗೆ ಒತ್ತಿ. ಬಿಗಿ ಸಿಗುವ ಮೊದಲು ಒಂದಿಷ್ಟು ಸಡಿಲ ಇರಬೇಕು. ಎಷ್ಟೆಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ, ಸಾಮಾನ್ಯವಾಗಿ 10ರಿಂದ 25 ಮಿಲಿಮೀಟರ್ ನಡುವೆ. ಲೈನಿಂಗ್ ಸವೆದಂತೆಲ್ಲ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಸರಿದು ಬರುತ್ತವೆ, ಆ ಸಡಿಲ ಕರಗುತ್ತ ಹೋಗುತ್ತದೆ. ಪೂರ್ತಿ ಕರಗಿದ ದಿನ ಬೇರಿಂಗು ಬೆರಳುಗಳ ಮೇಲೆ ಕೂತೇ ಇರುತ್ತದೆ, ಕಾಲಿಡದಿದ್ದರೂ ಹಾಫ್ ಕ್ಲಚ್! ಆಗ ಕೇಬಲ್ಲಿನ ತುದಿಯ ನಟ್ಟು ಸಡಿಲಿಸಿ ಅಳತೆಗೆ ತಂದರೆ ಎಷ್ಟೋ ಗಾಡಿಗಳು ಅಲ್ಲೇ ಸರಿಹೋಗುತ್ತವೆ. ಪ್ಲೇಟಿನಲ್ಲಿ ಲೈನಿಂಗ್ ಉಳಿದಿದ್ದರೆ ಒಳ್ಳೆಯ ಕಾಲವೇ ಬಾಳುತ್ತವೆ. ದುಡ್ಡಿಲ್ಲದ ರಿಪೇರಿ ಎಂದು ಅದನ್ನು ಯಾರೂ ಮೊದಲು ಹೇಳುವುದಿಲ್ಲ, ಅಷ್ಟೆ.

— ಈಗಿನ ಬಹಳಷ್ಟು ಗಾಡಿಗಳಲ್ಲಿ ಕೇಬಲ್ ಎಲ್ಲಿದೆ? ಆಯಿಲ್ ಕ್ಲಚ್. ಅದು ತಾನೇ ಹೊಂದಿಸಿಕೊಳ್ಳುತ್ತದೆ ಎನ್ನುತ್ತಾರೆ.

— ಸವೆತಕ್ಕೆ ಹೊಂದಿಕೊಳ್ಳುತ್ತದೆ, ಕೊಳಕಿಗೆ ಹೊಂದಿಕೊಳ್ಳುವುದಿಲ್ಲ. ಮಾಸ್ಟರ್ ಸಿಲಿಂಡರಿನಲ್ಲಿ ದ್ರವ ವಾಪಸ್ ಹೋಗುವ ಸಣ್ಣ ರಂಧ್ರವಿದೆ. ಹಳೆಯ ದ್ರವದ ಗಸಿಯಿಂದ ಅದು ಮುಚ್ಚಿದರೆ, ಇಲ್ಲವೆ ಒಳಗಿನ ರಬ್ಬರು ಊದಿಕೊಂಡರೆ, ಕಾಲೆತ್ತಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದು ಬೇರಿಂಗನ್ನು ತಳ್ಳುತ್ತಲೇ ಇರುತ್ತದೆ. ಇದಕ್ಕೊಂದು ಚಂದದ ಪರೀಕ್ಷೆಯಿದೆ. ಗಾಡಿ ಜಾರುತ್ತಿರುವ ಹೊತ್ತಿನಲ್ಲೇ ನಿಲ್ಲಿಸಿ, ಗೇರ್‌ಬಾಕ್ಸಿನ ಬದಿಯ ಬ್ಲೀಡ್ ಸ್ಕ್ರೂ ತುಸು ಸಡಿಲಿಸಿ ಮತ್ತೆ ಬಿಗಿ ಮಾಡುವುದು. ದ್ರವ ಚಿಮ್ಮಿ ಹೊರಬಂದು, ಜಾರಿಕೆ ತಕ್ಷಣ ನಿಂತರೆ ಪ್ಲೇಟು ನಿರ್ದೋಷಿ. ಬದಲಾಗಬೇಕಾದದ್ದು ಮಾಸ್ಟರ್ ಸಿಲಿಂಡರು. ಇದನ್ನು ನೋಡದೆ ಕ್ಲಚ್ ಸೆಟ್ ಹಾಕಿದರೆ ಹೊಸ ಸೆಟ್ಟೂ ಅದೇ ಹಾದಿ ಹಿಡಿಯುತ್ತದೆ. ಆಮೇಲೆ ಬಿಡಿಭಾಗ ಡೂಪ್ಲಿಕೇಟು ಎಂದು ಅಂಗಡಿಯವನನ್ನು ಬೈಯುತ್ತಾರೆ.

— ಹ್ಯಾಂಡ್‌ಬ್ರೇಕ್ ಹಾಕಿ ಗೇರಿನಲ್ಲಿ ಕ್ಲಚ್ ಬಿಟ್ಟು ನೋಡುವ ಪದ್ಧತಿಯೊಂದಿದೆಯಲ್ಲ? ಎಲ್ಲ ಗ್ಯಾರೇಜಿನಲ್ಲೂ ಮಾಡುತ್ತಾರೆ. ಅದೊಂದೇ ಸಾಲದೆ?

— ಒಳ್ಳೆಯ ಪರೀಕ್ಷೆ, ಆದರೆ ಅದು ಹೇಳುವುದು ಕಡಿಮೆ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರು ಹಾಕಿ, ತುಸು ರೇಸ್ ಕೊಟ್ಟು ಕ್ಲಚ್ ಮೆಲ್ಲಗೆ ಬಿಡುತ್ತ ಬಂದಾಗ ಎಂಜಿನ್ ತಟ್ಟನೆ ಬಂದ್ ಆಗಬೇಕು. ಪೆಡಲು ಪೂರ್ತಿ ಮೇಲೆ ಬಂದರೂ ಎಂಜಿನ್ ಆರಾಮಾಗಿ ಓಡುತ್ತಿದ್ದರೆ ಪ್ಲೇಟು ಹಿಡಿಯುತ್ತಿಲ್ಲ. ಪದೇಪದೇ ಮಾಡಿದರೆ ಉಳಿದ ಲೈನಿಂಗನ್ನೂ ಪರೀಕ್ಷೆಯೇ ಸುಡುತ್ತದೆ. ಇನ್ನೊಂದು ತೊಡಕಿದೆ: ಡ್ರೈವ್ ಶಾಫ್ಟ್ ತುಂಡಾಗಿದ್ದರೂ, ಅದರ ತುದಿಯ ಸಿವಿ ಜಾಯಿಂಟ್ ಕಳಚಿದ್ದರೂ, ಗೇರಿನ ಕೇಬಲ್ ಕಳಚಿ ಲಿವರ್ ಮಾತ್ರ ಓಡಾಡುತ್ತಿದ್ದರೂ ಎಂಜಿನ್ ಹೀಗೇ ಆರಾಮಾಗಿ ಓಡುತ್ತದೆ. ಒಂದೇ ಕಡೆಯ ಶಾಫ್ಟ್ ಮುರಿದರೂ ಸಾಕು. ಸಾಮಾನ್ಯ ಡಿಫರೆನ್ಷಿಯಲ್ ಬಲವನ್ನೆಲ್ಲ ಆ ಖಾಲಿ ಬದಿಗೇ ಬಿಟ್ಟು, ಸರಿಯಿರುವ ಚಕ್ರಕ್ಕೆ ಏನೂ ಕೊಡುವುದಿಲ್ಲ. ಇವುಗಳಲ್ಲೆಲ್ಲ ಗಾಡಿ ನಿಧಾನವಾಗುವುದಲ್ಲ, ಒಮ್ಮೆಗೇ ನಿಂತುಬಿಡುತ್ತದೆ. ಸುಟ್ಟ ವಾಸನೆಯೂ ಇರುವುದಿಲ್ಲ. ಹಿಂದಿನ ವಾರಗಳಲ್ಲಿ ತಿರುವಿನಲ್ಲಿ ಟಕಟಕ ಸದ್ದಿತ್ತೇ ಎಂದು ಕೇಳಬೇಕು, ಬಗ್ಗಿ ಚಕ್ರದ ಒಳಬದಿಯಲ್ಲಿ ಹರಿದ ರಬ್ಬರು, ಎರಚಿದ ಗ್ರೀಸು ಇದೆಯೇ ನೋಡಬೇಕು. ವೇಗದ ಲೆಕ್ಕವನ್ನು ಗೇರ್‌ಬಾಕ್ಸಿನಿಂದ ತೆಗೆದುಕೊಳ್ಳುವ ಹಳೆಯ ಗಾಡಿಗಳಲ್ಲಿ ಒಂದು ಮೋಜೂ ಇದೆ: ಗಾಡಿ ನಿಂತಲ್ಲೇ ನಿಂತು ಸ್ಪೀಡೋಮೀಟರ್ 30 ತೋರಿಸಿದರೆ ಕ್ಲಚ್ಚೂ ಗೇರೂ ಸರಿಯಿವೆ, ತುಂಡಾದದ್ದು ಶಾಫ್ಟು. ಮಳೆಗಾಲದಲ್ಲಿ ಮಲೆನಾಡಿನ ಕೆಸರಲ್ಲಿ ಚಕ್ರವೇ ಗಿರಗಿರ ತಿರುಗಿದಾಗಲೂ ಮುಳ್ಳು ಹೀಗೇ ಏರುತ್ತದೆ, ಆದರೆ ಅದನ್ನು ಕಾಯಿಲೆ ಅನ್ನುವವರಿಲ್ಲ.

— ನಿಮ್ಮ ಲೆಕ್ಕವೆಲ್ಲ ಹಲ್ಲಿಗೆ ಹಲ್ಲು ಕೂತ ಗಾಡಿಗೆ. ಈಗ ಆಟೊಮ್ಯಾಟಿಕ್ ಕಾಲ. ಸಿವಿಟಿ ಗಾಡಿಯಲ್ಲಿ ಪೆಡಲ್ ಒತ್ತಿದರೆ ಮೊದಲು ಸುತ್ತು ಏರಿ ಆಮೇಲೆ ವೇಗ ಬರುವುದು ಹುಟ್ಟುಗುಣ. ಕೆಲವು ಹೈಬ್ರಿಡ್‌ಗಳಲ್ಲಂತೂ ಎಂಜಿನ್ ಸದ್ದಿಗೂ ವೇಗಕ್ಕೂ ನೇರ ಸಂಬಂಧವೇ ಇಲ್ಲ. ನಿಮ್ಮ ವಾದ ಅಲ್ಲಿ ಬಿದ್ದುಹೋಗುವುದಿಲ್ಲವೆ?

— ನನ್ನ ಬರಿಗಣ್ಣಿನ ಪರೀಕ್ಷೆ ಬೀಳುತ್ತದೆ, ಅದನ್ನು ಒಪ್ಪಲೇಬೇಕು. ಸಿವಿಟಿಯ ಅನುಪಾತ ಗಳಿಗೆಗಳಿಗೆಗೂ ಬದಲಾಗುತ್ತದೆ. ಸದ್ದು ಮುಂದೆ, ಓಟ ಹಿಂದೆ ಎಂದು ದೂರಿ ಹೊಸ ಗಾಡಿಯನ್ನೇ ಸರ್ವಿಸ್ ಸೆಂಟರಿಗೆ ಒಯ್ಯುವವರಿದ್ದಾರೆ, ಅಲ್ಲಿ ರಿಪೇರಿ ಮಾಡುವುದಕ್ಕೆ ಏನೂ ಇರುವುದಿಲ್ಲ. ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ಕಿನಲ್ಲೂ ಹೊರಡುವಾಗ ಒಂದಿಷ್ಟು ಜಾರಿಕೆ ಇದ್ದದ್ದೇ, ಎಣ್ಣೆಯ ಮೂಲಕ ಬಲ ದಾಟಿಸುವ ಯಂತ್ರ ಅದು. ಆದರೆ ವಾದ ಬಿದ್ದಿಲ್ಲ. ಗೇರ್‌ಬಾಕ್ಸಿನ ಕೆಲಸ ನಡೆಸುವ ಕಂಪ್ಯೂಟರು ಮಾಡುವುದೇನು? ಒಳಬರುವ ಶಾಫ್ಟಿನ ಸುತ್ತು, ಹೊರಹೋಗುವ ಶಾಫ್ಟಿನ ಸುತ್ತು ಎರಡನ್ನೂ ಸೆನ್ಸರುಗಳಿಂದ ಓದಿ, ತಾನೇ ಹಾಕಿದ ಗೇರಿನ ಅನುಪಾತಕ್ಕೆ ಅವು ತಾಳೆಯಾಗುತ್ತವೆಯೇ ಎಂದು ನೋಡುವುದು. ತಾಳೆಯಾಗದಿದ್ದರೆ ಪಿ0730 ಎಂಬ ಸಂಕೇತ ಬರೆದಿಡುತ್ತದೆ, ಗೇರಿನ ಅನುಪಾತ ತಪ್ಪಿದೆ ಎಂದು ಅದರ ಅರ್ಥ. ರಸ್ತೆಯಲ್ಲಿ ನಾವು ಎರಡು ಮುಳ್ಳು ನೋಡಿ ಹಾಕಿದ್ದೂ ಇದೇ ಲೆಕ್ಕ, ಇಲ್ಲಿ ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ಆದ್ದರಿಂದ ಆಟೊಮ್ಯಾಟಿಕ್ಕಿನಲ್ಲಿ ಮೊದಲ ಹೆಜ್ಜೆ ಸ್ಕ್ಯಾನರು, ಎರಡನೆಯದು ಎಣ್ಣೆಯ ಮಟ್ಟ ಮತ್ತು ಬಣ್ಣ. ಮಟ್ಟ ಇಳಿದರೆ ಒತ್ತಡ ಇಳಿದು ಒಳಗಿನ ಕ್ಲಚ್ಚುಗಳು ಜಾರುತ್ತವೆ. ಅಷ್ಟೇ ಆಗಿದ್ದರೆ ಸೋರಿಕೆ ನಿಲ್ಲಿಸಿ ಎಣ್ಣೆ ತುಂಬಿದರೆ ಮುಗಿಯುತ್ತದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಸವೆದಾಗಿದೆ. ಹೊಸ ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲದಿರುವುದು ಹೆಚ್ಚು. ಎಣ್ಣೆಯನ್ನು ಗೊತ್ತಾದ ಉಷ್ಣತೆಗೆ ತಂದು ಅಡಿಯ ಪ್ಲಗ್ಗಿನಿಂದ ನೋಡಬೇಕು. ಹ್ಯಾಂಡ್‌ಬ್ರೇಕ್ ಎಳೆದು ರೇಸ್ ಕೊಡುವ ಗ್ಯಾರೇಜ್ ಪದ್ಧತಿ ಇಲ್ಲಿ ಬೇಡವೇ ಬೇಡ.

— ಎಎಂಟಿ? ಅದರಲ್ಲಿ ಕ್ಲಚ್ಚೇ ಇಲ್ಲವಲ್ಲ.

— ಇಲ್ಲದ್ದು ಪೆಡಲು, ಕ್ಲಚ್ಚಲ್ಲ. 2014ರಲ್ಲಿ ಸೆಲೆರಿಯೊ ಕಾರಿನ ಜೊತೆ ನಮ್ಮ ದೇಶಕ್ಕೆ ಬಂದ ಎಎಂಟಿಯಲ್ಲಿ ಮಾಮೂಲಿ ಒಣ ಕ್ಲಚ್ಚನ್ನೇ ಕಾಲಿನ ಬದಲು ಯಂತ್ರ ಒತ್ತುತ್ತದೆ. ಆದ್ದರಿಂದ ಎರಡು ಮುಳ್ಳಿನ ಲೆಕ್ಕ ಅಲ್ಲಿ ಪೂರ್ತಿ ಅನ್ವಯ. ಬೆಂಗಳೂರಿನ ಫ್ಲೈಓವರಿನ ಏರಿನಲ್ಲಿ ಬ್ರೇಕ್ ಒತ್ತದೆ, ಆಕ್ಸಿಲರೇಟರನ್ನೇ ತುಸು ಒತ್ತಿ ಗಾಡಿ ಜಾರದಂತೆ ನಿಲ್ಲಿಸಿಕೊಳ್ಳುವವರು ಪ್ರತಿ ಸಿಗ್ನಲ್ಲಿನಲ್ಲೂ ಪ್ಲೇಟು ಸುಡುತ್ತಿರುತ್ತಾರೆ, ಪೆಡಲು ಇಲ್ಲದ್ದರಿಂದ ಅದು ಗೊತ್ತೇ ಆಗುವುದಿಲ್ಲ. ಕ್ಲಚ್ ಬದಲಿಸಿದ ಮೇಲೆ ಯಂತ್ರಕ್ಕೆ ಹೊಸ ಕಚ್ಚುವ ಬಿಂದುವನ್ನು ಸ್ಕ್ಯಾನರಿನಿಂದ ಕಲಿಸಬೇಕು. ಅದನ್ನು ಬಿಟ್ಟು ಕಳಿಸಿದ ಗಾಡಿ ಹೊಸ ಪ್ಲೇಟಿನೊಂದಿಗೂ ಒದ್ದಾಡುತ್ತದೆ.

— ಸರಿ, ಎಲ್ಲ ಪರೀಕ್ಷೆ ಮುಗಿಯಿತು, ಕೇಬಲ್ಲಲ್ಲ, ಸಿಲಿಂಡರಲ್ಲ, ಶಾಫ್ಟಲ್ಲ. ಗೇರ್‌ಬಾಕ್ಸ್ ಇಳಿಸುವುದು ಖಾಯಂ. ಇನ್ನು ನಿಮ್ಮ ವಾದಕ್ಕೆ ಕೆಲಸವಿಲ್ಲ, ಮೇಸ್ತ್ರಿಯ ಕೈಗೆ ಕೆಲಸ.

— ವಾದಕ್ಕೆ ನಿಜವಾದ ಕೆಲಸ ಶುರುವಾಗುವುದೇ ಈಗ. ಹಳೆಯ ಪ್ಲೇಟು ಹೊರಗೆ ಬಂದಿದೆ, ಯಾಕೆ ಜಾರಿತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಬಹಳ ಗ್ಯಾರೇಜುಗಳಲ್ಲಿ ಅದು ನೇರ ಗುಜರಿ ಮೂಟೆಗೆ ಬೀಳುತ್ತದೆ. ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ. ಲೈನಿಂಗ್ ಎರಡೂ ಮುಖದಲ್ಲಿ ಒಂದೇ ಸಮನೆ ತೆಳುವಾಗಿ, ರಿವೆಟ್ಟಿನ ತಲೆ ಹೆಚ್ಚುಕಡಿಮೆ ಮೇಲ್ಮೈಗೆ ಬಂದಿದ್ದರೆ ಅದು ಆಯಸ್ಸು ಮುಗಿಸಿ ಸತ್ತದ್ದು. ರಿವೆಟ್ ತಲೆಯ ಮೇಲೆ ಉಳಿದ ಆಳ ಅರ್ಧ ಮಿಲಿಮೀಟರಿಗಿಂತ ಕಡಿಮೆಯಾದರೆ ಬದಲಿಸಿ ಎನ್ನುವ ಕೈಪಿಡಿಗಳಿವೆ. ಲೈನಿಂಗ್ ದಪ್ಪವಾಗಿಯೇ ಇದ್ದು, ಮುಖ ಗಾಜಿನಂತೆ ಹೊಳೆಯುತ್ತಿದ್ದರೆ, ಫ್ಲೈವೀಲಿನಲ್ಲಿ ನೀಲಿ ಮಚ್ಚೆಗಳಿದ್ದರೆ, ಅದು ಕಾವಿನಿಂದ ಕೆಟ್ಟದ್ದು: ಒಂದೋ ಓಡಿಸುವವರ ಕಾಲು ಸದಾ ಕ್ಲಚ್ ಮೇಲೆಯೇ ಇತ್ತು, ಇಲ್ಲವೆ ಬೇರಿಂಗು ಹಿಂದೆ ಸರಿಯುತ್ತಿರಲಿಲ್ಲ. ಲೈನಿಂಗ್ ಕಪ್ಪಾಗಿ, ಜಿಡ್ಡಾಗಿ, ಬೆರಳಿಗೆ ಅಂಟಿದರೆ ಎಣ್ಣೆ ನುಗ್ಗಿದೆ. ಎಣ್ಣೆ ಬರುವ ದಾರಿ ಎರಡು: ಎಂಜಿನ್ನಿನ ಹಿಂಬದಿಯ ಕ್ರ್ಯಾಂಕ್ ಸೀಲು, ಗೇರ್‌ಬಾಕ್ಸಿನ ಮುಂಬದಿಯ ಶಾಫ್ಟ್ ಸೀಲು. ಯಾವುದೆಂದು ಮೂಗೇ ಹೇಳುತ್ತದೆ. ಗೇರ್ ಆಯಿಲ್ಲಿಗೆ ಗಂಧಕದ ಕಟು ವಾಸನೆಯಿದೆ, ಎಂಜಿನ್ ಆಯಿಲ್ಲಿಗೆ ಇಲ್ಲ. ಪ್ಲೇಟು ಎಲ್ಲ ರೀತಿಯಲ್ಲೂ ಸರಿಯಿದ್ದು ಜಾರಿದ್ದರೆ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ನೋಡಬೇಕು: ಒಂದು ಮೇಲೆ, ಒಂದು ಕೆಳಗೆ, ತುದಿ ಸವೆದು ತೆಳುವಾಗಿದ್ದರೆ ಸ್ಪ್ರಿಂಗು ಸೋತಿದೆ.

— ಇಷ್ಟೆಲ್ಲ ಓದಿ ಏನು ಮಾಡುವುದು? ಹೇಗೂ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರೂ ಸೆಟ್ಟಾಗಿ ಬದಲಾಗುತ್ತವೆ. ಖರ್ಚಿನ ಸಿಂಹಪಾಲು ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ. ಬಿಚ್ಚಿದ ಮೇಲೆ ಎಲ್ಲ ಹೊಸದು ಹಾಕುವುದೇ ಜಾಣತನ.

— ಸೆಟ್ಟಾಗಿ ಹಾಕುವುದು ಸರಿ, ಅದಕ್ಕೆ ನನ್ನ ತಕರಾರಿಲ್ಲ. ಒಂದು ಬೇರಿಂಗಿನ ದುಡ್ಡು ಉಳಿಸಲು ಹೋಗಿ ಇನ್ನೊಮ್ಮೆ ಗೇರ್‌ಬಾಕ್ಸ್ ಇಳಿಸುವವರನ್ನು ಲೋಭಿ ಎನ್ನಬೇಕೋ ದಾನಿ ಎನ್ನಬೇಕೋ ತಿಳಿಯದು. ಆದರೆ ಆ ಸೆಟ್ಟಿನ ಡಬ್ಬಿಯಲ್ಲಿ ಸೀಲ್ ಬರುವುದಿಲ್ಲ, ಮಾಸ್ಟರ್ ಸಿಲಿಂಡರ್ ಬರುವುದಿಲ್ಲ, ಫ್ಲೈವೀಲ್ ಬರುವುದಿಲ್ಲ. ಎಣ್ಣೆಯಲ್ಲಿ ತೊಯ್ದ ಪ್ಲೇಟು ತೆಗೆದು, ಸೋರುವ ಸೀಲನ್ನು ಅಲ್ಲೇ ಬಿಟ್ಟು ಹೊಸದು ಹಾಕಿದರೆ ಅದೂ ತೊಯ್ಯುತ್ತದೆ. ನೀಲಿಗಟ್ಟಿ ಬಿರುಕುಬಿಟ್ಟ ಫ್ಲೈವೀಲಿಗೆ ಹೊಸ ಪ್ಲೇಟು ಒತ್ತಿದರೆ ಮೊದಲ ದಿನದಿಂದಲೇ ಅದುರುತ್ತದೆ. ಸಾಮಾನ್ಯ ಫ್ಲೈವೀಲಾದರೆ ಲೇತಿನಲ್ಲಿ ಮುಖ ಸಮ ಮಾಡಿಸಬಹುದು, ಬಿರುಕು ಆಳವಾಗಿದ್ದರೆ ಬದಲಿಸಬೇಕು. ಕೆಲವು ಡೀಸೆಲ್ ಗಾಡಿಗಳಲ್ಲಿರುವ ಎರಡು ತುಂಡಿನ ಫ್ಲೈವೀಲನ್ನು ಹಾಗೆ ಕೆತ್ತಿಸುವುದು ಸಾಮಾನ್ಯವಾಗಿ ಸಲ್ಲದು, ಅದರ ಬೆಲೆಯೂ ಜಾಸ್ತಿ. ಜೋಡಣೆಯಲ್ಲೂ ಕೆಲವು ಕಡೆ ಮನಸ್ಸಿಟ್ಟು ನೋಡಬೇಕು. ಪ್ಲೇಟಿನ ನಡುವಿನ ಹಲ್ಲು ಸರಿಯಾಗಿ ಮಧ್ಯಕ್ಕೆ ನಿಲ್ಲಲು ಅಲೈನ್‌ಮೆಂಟ್ ಕಡ್ಡಿ ಬೇಕು, ಕಣ್ಣಂದಾಜು ಸಾಲದು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು. ಒಂದೇ ಕಡೆಯಿಂದ ಬಿಗಿಯುತ್ತ ಬಂದರೆ ಕವರು ಡೊಂಕಾಗುತ್ತದೆ. ಶಾಫ್ಟಿನ ಹಲ್ಲಿಗೆ ಗ್ರೀಸು ಬೆರಳಿನ ತುದಿಯಷ್ಟು ಮಾತ್ರ, ಹೆಚ್ಚಾದದ್ದು ಎರಚಿ ಲೈನಿಂಗಿಗೇ ಬೀಳುತ್ತದೆ. ಗ್ರೀಸಿನ ಕೈಯಲ್ಲಿ ಹೊಸ ಪ್ಲೇಟು ಮುಟ್ಟಬಾರದು ಎನ್ನುವುದು ಎಲ್ಲರಿಗೂ ಗೊತ್ತು, ಮುಟ್ಟುವುದೂ ಎಲ್ಲರೇ.

— ನೀವು ಹೇಳುವುದು ಕೇಳಿದರೆ ಅನುಭವಿ ಮೇಸ್ತ್ರಿಗಳಿಗೆ ಅವಮಾನ ಮಾಡಿದಂತಿದೆ. ಮೂವತ್ತು ವರ್ಷ ಕೈ ಪಳಗಿದವರು ಗೇಟಿನ ಹೊರಗಿನ ಸದ್ದು ಕೇಳಿಯೇ ಕ್ಲಚ್ ಹೋಗಿದೆ ಎನ್ನುತ್ತಾರೆ. ಅವರಿಗೆ ಈ ಪಾಠ ಯಾಕೆ?

— ಅವರಿಗಲ್ಲ. ಅವರ ಕಿವಿ ಹತ್ತು ಸೆಕೆಂಡಿನಲ್ಲಿ ಮಾಡಿ ಮುಗಿಸುವುದೂ ಇದೇ ಪರೀಕ್ಷೆಗಳನ್ನು. ಸುತ್ತು ಏರಿತು, ಓಟ ಏರಲಿಲ್ಲ, ವಾಸನೆ ಬಂತು ಎಂದು ಬಿಡಿಸಿ ಹೇಳುವುದಿಲ್ಲ, ಅಷ್ಟೆ. ಒಳ್ಳೆಯ ಮೇಸ್ತ್ರಿ ಪೆಡಲಿನ ಸಡಿಲ ನೋಡದೆ ಗೇರ್‌ಬಾಕ್ಸಿಗೆ ಕೈ ಹಾಕುವುದಿಲ್ಲ, ಪ್ಲೇಟು ತೆಗೆದ ಕೂಡಲೇ ಸೀಲಿನ ಕಡೆಗೆ ಟಾರ್ಚು ಬಿಡುತ್ತಾನೆ. ತೊಂದರೆ ಬರುವುದು ಆತುರದ ಗ್ಯಾರೇಜಿನಲ್ಲಿ, ಅದಕ್ಕಿಂತ ಹೆಚ್ಚಾಗಿ “ಸಂಜೆಯೊಳಗೆ ಗಾಡಿ ಬೇಕು” ಎಂದು ಕೀಲಿ ಎಸೆದು ಹೋಗುವ ಮಾಲೀಕರಿಂದ. ಪಿಕಪ್ ಇಲ್ಲ, ನೋಡಿ ಎಂದಷ್ಟೇ ಹೇಳಿದರೆ ಎಂಜಿನ್ನಿನ ಕಡೆಯ ಹತ್ತು ಕೆಲಸ ಬಿಲ್ಲಿಗೆ ಹತ್ತಿದರೂ ದೂರುವಂತಿಲ್ಲ. ನಾಲ್ಕನೇ ಗೇರಿನಲ್ಲಿ 50ರ ವೇಗದಲ್ಲಿ ಪೆಡಲ್ ಒತ್ತಿದರೆ ಸುತ್ತು ಹಾರುತ್ತದೆ, ವೇಗ ಏರುವುದಿಲ್ಲ, ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ ಎಂದು ಹೇಳಿದರೆ ಆ ಬಿಲ್ಲಿನ ಅರ್ಧ ಪುಟ ಅಲ್ಲೇ ಹರಿದುಹೋಗುತ್ತದೆ.

— ಕೊನೆಗೆ ಮಾಲೀಕರು ಮಾಡಬೇಕಾದದ್ದು?

— ಕೆಲಸಕ್ಕೆ ಒಪ್ಪುವ ಮೊದಲು ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕನೇ ಗೇರಿನ ಪರೀಕ್ಷೆ ಒಮ್ಮೆ ತೋರಿಸಿ. ಗೇರ್‌ಬಾಕ್ಸ್ ಇಳಿದ ಮೇಲೆ ಫೋನ್ ಮಾಡಲು ಹೇಳಿ. ಹೋಗಿ ಹಳೆಯ ಪ್ಲೇಟು, ಫ್ಲೈವೀಲಿನ ಮುಖ, ಎರಡೂ ಸೀಲು ಕಣ್ಣಾರೆ ನೋಡಿ, ಎಣ್ಣೆ ಕಂಡರೆ ಯಾವ ಸೀಲು ಬದಲಾಗುತ್ತಿದೆ ಎಂದು ಬಿಲ್ಲಿನಲ್ಲಿ ಬರೆಸಿ. ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ, ಅವು ನಿಮ್ಮವೇ. ಹೊಸ ಕ್ಲಚ್ ಹಾಕಿದ ಮೊದಲ ಕೆಲವು ನೂರು ಕಿಲೋಮೀಟರ್ ಲೈನಿಂಗ್ ಫ್ಲೈವೀಲಿಗೆ ಹೊಂದಿಕೊಳ್ಳುವ ಕಾಲ. ಆಗ ಪೂರ್ತಿ ರೇಸ್ ಕೊಟ್ಟು ಘಾಟಿ ಹತ್ತುವುದು, ತುಂಬು ಭಾರ ಎಳೆಯುವುದು ಬೇಡ. ಅದು ಕಳೆದ ಮೇಲೆ ನಾಲ್ಕನೇ ಗೇರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಮುಳ್ಳುಗಳು ಜೊತೆಯಾಗಿ ಏರದಿದ್ದರೆ ಅದೇ ಬಿಲ್ಲು ಹಿಡಿದು ಅದೇ ಗ್ಯಾರೇಜಿಗೆ ಹೋಗಿ.